ಸ್ಪಿರಿಟ್ಟಿನಲ್ಲಿ ಒರೆಸಿದ ನಾಲ್ಕು ಕಮಾನು

ನಾಲ್ಕು ರೋಸಿನ್ ಬಿಲ್ಲೆಗೆ ನಾನೂರ ನಲವತ್ತು ರೂಪಾಯಿ ಕೊಟ್ಟೆ. ಬಳ್ಳಾರಿಯ ಅಂಗಡಿಯವನು ಒಂದಕ್ಕೆ ನೂರ ಅರವತ್ತು ಹೇಳಿದ. ನಾನು ತೊಂಬತ್ತಕ್ಕೆ ಕೇಳಿದೆ. ಅವನು ತೆಲುಗಿನಲ್ಲಿ ದೇವರನ್ನು ಕರೆದ. ನಾನು ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲು ಇಳಿದೆ. ನೂರ ಹತ್ತಕ್ಕೆ ವಾಪಸು ಕರೆದ. ಇದು ನನ್ನ ಎಂದಿನ ಪದ್ಧತಿ. ಎರಡನೇ ಮೆಟ್ಟಿಲು ಇಳಿಯುವಷ್ಟರಲ್ಲಿ ಕರೆಯದ ಅಂಗಡಿಯವನನ್ನು ನಾನಿನ್ನೂ ನೋಡಿಲ್ಲ. ಆದರೆ ಈ ಸಲ ಉಳಿಸಿದ ದುಡ್ಡು ಒಂದಿಷ್ಟೂ ಖುಷಿ ಕೊಡಲಿಲ್ಲ. ಈ ಬಿಲ್ಲೆ ಕೊಳ್ಳುವ ಪ್ರಸಂಗವೇ ಬರಬಾರದಿತ್ತು. ನನ್ನ ಪಿಟೀಲು ಕ್ಲಾಸಿನಲ್ಲಿ ಎಲ್ಲರಿಗೂ ಸೇರಿ ಒಂದು ಡಬ್ಬಿಯಲ್ಲಿ ಎರಡು ಬಿಲ್ಲೆ ಇರುತ್ತಿದ್ದವು, ವರ್ಷಗಟ್ಟಲೆ ಸಾಕಾಗಿದ್ದವು. ಈಗ ನಾಲ್ಕು ಮಂದಿ ನನ್ನ ಡಬ್ಬಿಯನ್ನು ನಂಬುವುದಿಲ್ಲ. ನಂಬಲೂಬಾರದು. ಅವರವರ ಬಿಲ್ಲೆ ಅವರವರ ಕೈಯಲ್ಲೇ ಇರಲಿ ಎಂದು ನಾನೇ ತಂದುಕೊಟ್ಟೆ. ದಂಡ ಅಂತ ತಿಳಿದುಕೊಳ್ಳಿ.

ರೋಸಿನ್ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಪಿಟೀಲಿನ ಕಮಾನಿಗೆ ಕಟ್ಟಿರುವುದು ಕುದುರೆ ಬಾಲದ ಕೂದಲು. ಅದನ್ನು ಹಾಗೇ ತಂತಿಯ ಮೇಲೆ ಎಳೆದರೆ ಜಾರಿ ಹೋಗುತ್ತದೆ, ಸದ್ದು ಬರುವುದಿಲ್ಲ. ಮರದ ಅಂಟಿನಿಂದ ಮಾಡಿದ ಈ ಜೇನುಬಣ್ಣದ ಬಿಲ್ಲೆಯನ್ನು ಉಜ್ಜಿದರೆ ಕೂದಲಿಗೆ ಹಿಡಿತ ಬರುತ್ತದೆ, ಆಗ ತಂತಿ ನುಡಿಯುತ್ತದೆ. ಅಷ್ಟೇ ಗುಟ್ಟು. ಹೊಸ ಪಿಟೀಲು ಕೊಂಡವರು ‘ಇದು ನುಡಿಯಲ್ರೀ, ಪೀಸು ಖರಾಬ್ ಐತಿ’ ಎಂದು ಅಂಗಡಿಗೆ ಜಗಳಕ್ಕೆ ಹೋಗುವುದು ಇವತ್ತಿಗೂ ಉಂಟು. ಹೋಗಬೇಡಿ. ಬಿಲ್ಲೆ ಉಜ್ಜಿ.

ನನಗೆ ಮೊದಲನೇ ಪಿಟೀಲು ಸಿಕ್ಕದ್ದೇ ಈ ಗುಟ್ಟಿನಿಂದ. ಸಿರಿಗೇರಿಯಲ್ಲಿ ನಮ್ಮಪ್ಪನದು ಬಾಡಿಗೆ ಸೈಕಲ್ ಅಂಗಡಿ. ಗಾಲಿಯ ಸ್ಪೋಕುಗಳನ್ನು ಬೆರಳಿನಿಂದ ಮೀಟಿ, ಯಾವುದು ಸಡಿಲ ಯಾವುದು ಬಿಗಿ ಎಂದು ಕಿವಿಯಿಂದಲೇ ಹೇಳುವುದು ನನ್ನ ಕೆಲಸ. ನನಗೆ ಹದಿನಾಲ್ಕು ವರ್ಷವಿದ್ದಾಗ ದೇಶನೂರಿನ ಭತ್ತದ ಸಾಹುಕಾರರೊಬ್ಬರು ಒಂದು ಹೊಸ ಪಿಟೀಲನ್ನು ಪೆಟ್ಟಿಗೆ ಸಮೇತ ತಂದು ಅಪ್ಪನ ಅಂಗಡಿಯಲ್ಲಿಟ್ಟರು. ಮಗನಿಗೆಂದು ತರಿಸಿದ್ದಂತೆ. ಮೂಗ ಪೀಸು ಗಂಟುಬಿದ್ದಿದೆ, ಯಾರಾದರೂ ಗಿರಾಕಿ ಬಂದರೆ ಇನ್ನೂರಕ್ಕೆ ಮಾರು ಎಂದರು.

ನಮ್ಮ ಅಂಗಡಿಯ ಪಕ್ಕದಲ್ಲಿ ರೇಡಿಯೋ ರಿಪೇರಿಯ ಖಾಸಿಂ ಮಾಮ ಇದ್ದರು. ಬೆಸುಗೆ ಹಾಕುವಾಗ ಅವರು ರಾಳದ ಗಟ್ಟಿಗೆ ಕಾದ ಕಡ್ಡಿ ಅದ್ದುತ್ತಿದ್ದರು. ಆ ವಾಸನೆ ನನಗೆ ಚೆನ್ನಾಗಿ ಗೊತ್ತು. ಊರಿಗೆ ಹರಿಕಥೆಯವರು ಬಂದಾಗ ಅವರ ಪಿಟೀಲಿನವನು ಕಮಾನಿಗೆ ಉಜ್ಜುತ್ತಿದ್ದ ಗಟ್ಟಿಗೂ ಅದೇ ವಾಸನೆ ಇದ್ದುದನ್ನು ನನ್ನ ಮೂಗು ಮರೆತಿರಲಿಲ್ಲ.

“ಮೂಗ ಐತಿ ಅಂತ ನೀವ ಹೇಳ್ತೀರಿ. ಇನ್ನೂರು ಯಾರು ಕೊಡ್ತಾರ್ರಿ ಸಾವ್ಕಾರ್ರೆ?” ಎಂದೆ.

“ನಿನಗ್ಯಾಕವಾ ಅದು?”

“ಪೆಟಿಗಿ ಚಲೋ ಐತ್ರಿ. ಲಂಗ ಇಡಾಕ ಬರ್ತೈತಿ.”

ಅರವತ್ತು ರೂಪಾಯಿ, ಮೇಲೆ ಅವರ ಮಗನಿಗೆ ಒಂದು ತಿಂಗಳು ಬಾಡಿಗೆಯಿಲ್ಲದ ಸೈಕಲ್ಲು. ವ್ಯವಹಾರ ಮುಗಿಯಿತು. ಆ ಸಂಜೆಯೇ ಖಾಸಿಂ ಮಾಮನ ರಾಳದ ಚೂರೊಂದನ್ನು ಬೇಡಿ ತಂದು ಉಜ್ಜಿ ಎಳೆದೆ. ಅಂಗಡಿಯಿಂದ ಅಪ್ಪ ಕೂಗಿದ: “ಯಾವನಲೇ ಅವ, ಬ್ರೇಕ್ ಹಿಂಗ ಹಿಡಿಯೋನು?” ನನ್ನ ಮೊದಲ ಸ್ವರಕ್ಕೆ ಸಿಕ್ಕ ವಿಮರ್ಶೆ ಅದು. ವಿಷಯ ತಿಳಿದ ಸಾಹುಕಾರರು ಕೆಂಡವಾಗಿ ಬಂದರು. ಅಪ್ಪ ತಣ್ಣಗೆ, “ನೀವು ಮೂಗ ಅಂತ ಮಾರಿದ್ರಿ, ಆಕಿ ಮಾತು ಬರಿಸ್ಯಾಳ. ಮೋಸ ಎಲ್ಲೈತ್ರಿ?” ಎಂದ. ಮುಂದೆ ಸಿರುಗುಪ್ಪದ ಪಿಟೀಲು ಗುರುಗಳೊಬ್ಬರ ಸೈಕಲ್ಲಿಗೆ ಗಾಳಿ, ಗ್ರೀಸು, ಪಂಕ್ಚರು ನನ್ನದು, ನನಗೆ ಪಾಠ ಅವರದು ಎಂದು ಒಪ್ಪಂದ ಮಾಡಿಕೊಂಡು ಒಂಬತ್ತು ವರ್ಷ ಕಲಿತೆ. ಯಾರ ಹಂಗೂ ಇಲ್ಲದೆ ಕಲಿತವಳು ಎಂಬ ಸೊಕ್ಕು ನನಗೆ ಸ್ವಲ್ಪ ಇದೆ. ಇರಲಿ, ಅದು ಇಳಿದದ್ದನ್ನೇ ಹೇಳಲು ಹೊರಟಿದ್ದೇನೆ.

ಈಗ ಬುಧವಾರ ಸಿರುಗುಪ್ಪದಲ್ಲಿ, ಶುಕ್ರವಾರ ಕುರುಗೋಡಿನಲ್ಲಿ ಪಾಠ ಹೇಳುತ್ತೇನೆ. ಭಾನುವಾರ ಎಲ್ಲರನ್ನೂ ಬಳ್ಳಾರಿಯ ಒಂದು ಮದುವೆ ಛತ್ರದ ಊಟದ ಹಾಲಿನಲ್ಲಿ ಕೂಡಿಸಿ ಮೇಳ ನುಡಿಸುತ್ತೇನೆ. ಊಟದ ಹಾಲು ಯಾಕೆಂದರೆ ಅಗ್ಗ. ಲಗ್ನಸರಾಯಿಯಲ್ಲಿ ಖಾಲಿ ಮಾಡುತ್ತೇವೆ, ಆಷಾಢದಲ್ಲಿ ರಾಜರ ಹಾಗೆ ಇರುತ್ತೇವೆ. ಟೇಬಲ್ಲುಗಳನ್ನು ಗೋಡೆಗೆ ಒರಗಿಸಿದರೆ ಇಪ್ಪತ್ತು ಮಂದಿ ಆರಾಮಾಗಿ ಕೂರಬಹುದು. ಸಾರಿನ ವಾಸನೆ ಮಾತ್ರ ಹೋಗುವುದಿಲ್ಲ. ಹತ್ತೂವರೆಗೆಲ್ಲ ಹುಡುಗರಿಗೆ ಹಸಿವಾಗಿ ಲಯ ಓಡುತ್ತದೆ.

ಕಳೆದ ವರ್ಷ ಇದ್ದ ಇಪ್ಪತ್ತು ಮಂದಿಯಲ್ಲಿ ಚಿಕ್ಕವಳಿಗೆ ಆರು ವರ್ಷ, ದೊಡ್ಡವರಿಗೆ ಅರವತ್ತೆಂಟು. ಹೀಗೆ ಬೆರೆಸಿ ಕೂರಿಸುವುದು ನನ್ನ ಹಟ. ಬರುವ ತಾಯಂದಿರಿಗೆ ಇದು ಸೇರುವುದಿಲ್ಲ. ಸಮೃದ್ಧಿ ಎಂಬ ಹನ್ನೊಂದು ವರ್ಷದ ಹುಡುಗಿ ಇದ್ದಾಳೆ, ಬೆರಳು ಮಿಂಚಿನ ಹಾಗೆ. ಅವಳ ತಾಯಿ ವಾರಕ್ಕೊಮ್ಮೆ ಬಂದು, “ಮೇಡಂ, ನಮ್ಮಾಕಿನ್ನ ಅಜ್ಜಿ ಬಾಜೂಕ ಕೂಡಿಸಿದ್ರ ಆಕಿ ಸ್ಪೀಡು ಕಮ್ಮಿ ಆಗಂಗಿಲ್ಲೇನ್ರಿ?” ಎಂದು ಕೇಳುತ್ತಾರೆ. ಸ್ಪೀಡಂತೆ! ಪಿಟೀಲೇನು ಮೋಟರ್ ಸೈಕಲ್ಲೇ? ಪಕ್ಕದವರ ಕಮಾನು ಎಲ್ಲಿ ಮುಗಿಯುತ್ತದೆ ಎಂದು ಕಾಯಲು ಬಾರದವರು ಎಷ್ಟು ಬೇಗ ನುಡಿಸಿದರೇನು? ಹೀಗೆಂದು ಎಲ್ಲರಿಗೂ ಜೋರಾಗಿ ಹೇಳುತ್ತಿದ್ದವಳು ನಾನೇ. ಆಮೇಲೆ ನಾನು ಮಾಡಿದ್ದನ್ನು ಓದುವಾಗ ಈ ಮಾತು ನೆನಪಿಡಿ.

ಆ ‘ಅಜ್ಜಿ’ ಹನುಮಕ್ಕ. ಬಳ್ಳಾರಿಯ ಜೀನ್ಸ್ ಹೊಲಿಯುವ ಯೂನಿಟ್ಟುಗಳಲ್ಲಿ ಮೂವತ್ತು ವರ್ಷ ಮಷಿನ್ನು ತುಳಿದವರು. ಉಗುರಿನ ಸಂದಿಯಲ್ಲಿ ನೀಲಿ ಇನ್ನೂ ಇದೆ. ಅರವತ್ತೊಂದನೇ ವಯಸ್ಸಿಗೆ ಬಂದು, “ಕೈ ಸುಮ್ನ ಕೂಡ್ತಿಲ್ರಿ, ಏನರ ಕಲಸ್ರಿ” ಎಂದರು. ಹೊಸದಾಗಿ ಕಲಿಯುವ ಮಕ್ಕಳು ತಂತಿ ಒತ್ತಿ ಬೆರಳು ನೋವೆಂದು ಅಳುತ್ತವೆ. ಹನುಮಕ್ಕನ ಬೆರಳಿನಿಂದ ತಂತಿಗೇ ನೋವಾಗಬೇಕು. ನೆಲಕ್ಕೆ ಕೂರಲು ಮಂಡಿ ಒಪ್ಪದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಉದ್ದುದ್ದ ಎಳೆಯುತ್ತಾರೆ. ಸ್ವರ ಆಗಾಗ ಪಕ್ಕಕ್ಕೆ ಹೊರಳುತ್ತದೆ, ಸುಳ್ಳು ಹೇಳುವುದಿಲ್ಲ. ಇನ್ನೊಬ್ಬರು ಸಿರುಗುಪ್ಪದ ವಿರೂಪಾಕ್ಷಪ್ಪ ಮೇಷ್ಟ್ರು, ನಿವೃತ್ತ ಗಣಿತದ ಮೇಷ್ಟ್ರು, ಅರವತ್ತೆಂಟು ಎಂದೆನಲ್ಲ, ಅವರೇ. ತಾಳವನ್ನು ಮಗ್ಗಿಯ ಹಾಗೆ ಬಾಯಲ್ಲಿ ಹೇಳಿಕೊಳ್ಳುತ್ತ ಎಲ್ಲರಿಗಿಂತ ಅರ್ಧ ಮಾತ್ರೆ ಮುಂದಿರುತ್ತಾರೆ.

ಕಳೆದ ವರ್ಷ ಕುರುಗೋಡಿನಲ್ಲಿ ಒಂದು ಸಮುದಾಯ ಭವನದ ಉದ್ಘಾಟನೆಗೆ ನಮ್ಮ ಮೇಳವನ್ನು ಕರೆದರು. ಮೊದಲ ಸಲ ಇಪ್ಪತ್ತೂ ಮಂದಿ ವೇದಿಕೆ ಹತ್ತುವುದು. ಮೋಹನ ರಾಗದಲ್ಲಿ ನಾನೇ ಒಂದು ಸಣ್ಣ ನಡೆ ಕೂಡಿಸಿ ಎಲ್ಲರಿಗೂ ಒಂದೇ ಪಾಠ ಕೊಟ್ಟೆ. ಸುದ್ದಿ ಕೇಳಿದ ದಿನವೇ ಹನುಮಕ್ಕ ಬಾದನಹಟ್ಟಿಯ ತಮ್ಮ ಅಕ್ಕನಿಗೆ ಫೋನು ಮಾಡಿದರು. ‘ಈ ವಯಸ್ಸಿಗೆ ಪಿಟೀಲೇನೇ, ಮಂದಿ ನಗಂಗಿಲ್ಲೇನು’ ಎಂದು ಎರಡು ವರ್ಷದಿಂದ ಆಡಿಕೊಂಡಿದ್ದ ಅಕ್ಕ. “ಬಂದು ಕಿವಿಯಾರ ಕೇಳು, ಆಮ್ಯಾಲ ನಗುವಂತಿ” ಎಂದು ಕರೆದರು. ತುಟ್ಟಿಯದೊಂದು ಇಳಕಲ್ ಸೀರೆಯನ್ನೂ ತೆಗೆದುಕೊಂಡರು. ನನ್ನನ್ನು ಕರೆದುಕೊಂಡು ಹೋಗಿದ್ದರೆ ಮುನ್ನೂರಾದರೂ ಕಡಿಮೆ ಮಾಡಿಸುತ್ತಿದ್ದೆ.

ವಾರ ಮೊದಲು ಭವನದ ಅಧ್ಯಕ್ಷರು ನಮ್ಮ ಅಭ್ಯಾಸ ನೋಡಲು ಬಳ್ಳಾರಿಗೆ ಬಂದರು. ಸೋಡಾ ಕುಡಿದರು. ಕೇಳಿದರು. ನನ್ನನ್ನು ಪಕ್ಕಕ್ಕೆ ಕರೆದರು.

“ಮೇಡಮ್ಮೋರೆ, ಕುಂತಿದ್ದು ಭಾಳ ಚಂದ ಕಾಣ್ತೈತಿ. ಆದ್ರ ಸೌಂಡು ನೋಡ್ರಿ, ನಡುನಡುವ ಬಾಗ್ಲಾ ಕಿರ್ ಅಂದಂಗ ಆಗ್ತೈತಿ.”

“ಅದು ಕಲಿಯೋರ ಸೌಂಡು ಸರ್.”

“ಕಲೀಲ್ರಿ, ಬ್ಯಾಡಂದೋರ್ಯಾರು? ನಮ್ಮ ಫಂಕ್ಷನ್ನಾಗ ಬ್ಯಾಡ. ವಿಡಿಯೋ ಮಾಡಸ್ತೀವಿ. ಹತ್ತು ಮಂದಿ ನುಡಿಸ್ಲಿ, ಹತ್ತು ಮಂದಿ ಸುಮ್ನ ಕೈ ಆಡಿಸ್ಲಿ. ನನಗ ಇಪ್ಪತ್ತು ತಲಿ ಕಾಣಬೇಕು, ಅಷ್ಟ.”

ಮೈ ಉರಿದುಹೋಯಿತು. ಮನುಷ್ಯರನ್ನು ಏನೆಂದುಕೊಂಡಿದ್ದಾರೆ ಇವರು, ಸ್ಟೇಜಿನ ಹೂವಿನ ಕುಂಡವೆಂದೇ? ಆ ಕ್ಷಣ ‘ಆಗುವುದಿಲ್ಲ, ಬೇರೆ ಮೇಳ ನೋಡಿಕೊಳ್ಳಿ’ ಎಂದು ಹೇಳಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನ ನಾಲಿಗೆಗೆ ಹುಟ್ಟಿನಿಂದ ಬಂದ ಚಟವೊಂದಿದೆ. ಎದುರಿಗಿದ್ದವರು ಒಂದು ಸಂಖ್ಯೆ ಹೇಳಿದರೆ ಅದು ಇನ್ನೊಂದು ಸಂಖ್ಯೆ ಹೇಳುತ್ತದೆ.

“ಹತ್ತು ಭಾಳ ಆತ್ರಿ. ಎರಡು,” ಎಂದೆ.

“ಎಂಟು.”

“ಮೂರರ ಮ್ಯಾಲ ಆಗಂಗಿಲ್ರಿ.”

“ನಿಮ್ದೂ ಬ್ಯಾಡ ನಮ್ದೂ ಬ್ಯಾಡ, ನಾಕು ಮಾಡ್ರಿ.”

ನಾಲ್ಕಕ್ಕೆ ಕುದುರಿತು. ಹತ್ತರಿಂದ ನಾಲ್ಕಕ್ಕೆ ಇಳಿಸಿದೆ ಎಂದು ನನಗೆಷ್ಟು ಹಿಗ್ಗಾಯಿತು ಎಂದರೆ, ಆ ಸಂಜೆ ಮನೆಗೆ ಮೆಣಸಿನಕಾಯಿ ಬಜ್ಜಿ ಕಟ್ಟಿಸಿಕೊಂಡು ಹೋದೆ! ಆರು ಮಂದಿಯನ್ನು ಉಳಿಸಿದೆ ಎಂದುಕೊಂಡು ತಿಂದೆ. ನಾಲ್ಕು ಮಂದಿಯನ್ನು ಮಾರಿದೆ ಎಂಬುದು ಹೊಳೆಯಲೇ ಇಲ್ಲ.

ನಾಲ್ವರು ಯಾರು? ಹನುಮಕ್ಕ, ಮೇಷ್ಟ್ರು, ಸಿರುಗುಪ್ಪದ ಅಣ್ಣತಂಗಿ ಎರಡು ಮಕ್ಕಳು. ಹುಡುಗನಿಗೆ ಎಂಟು, ಹುಡುಗಿಗೆ ಆರು. ಬಾಯಿಬಿಟ್ಟು ಹೇಳಿದರೆ ನೊಂದುಕೊಳ್ಳುತ್ತಾರೆ, ಹೇಳದೆ ಹೇಗೆ ನಿಲ್ಲಿಸುವುದು? ನನಗೆ ಉಪಾಯ ಗೊತ್ತಿತ್ತಲ್ಲ. ಕಾರ್ಯಕ್ರಮದ ಬೆಳಿಗ್ಗೆ ಮೆಡಿಕಲ್ ಶಾಪಿನಿಂದ ಸ್ಪಿರಿಟ್ಟು, ಹತ್ತಿ ತಂದೆ. ಕಮಾನುಗಳನ್ನು ನಾನೇ ಸಿದ್ಧಮಾಡಿ ಕೊಡುತ್ತೇನೆಂದು ಎಲ್ಲವನ್ನೂ ಒಳಕೋಣೆಗೆ ತರಿಸಿಕೊಂಡೆ. ಆ ನಾಲ್ಕರ ಕೂದಲನ್ನು ಹತ್ತಿಯಿಂದ ಒರೆಸಿ ಒರೆಸಿ ರೋಸಿನ್ನಿನ ಬಿಳಿ ಪುಡಿ ಪೂರಾ ತೆಗೆದೆ. ಕಮಾನು ಆಡುತ್ತದೆ, ಉಸಿರಿನಷ್ಟು ಸದ್ದು. ಇಪ್ಪತ್ತು ಪಿಟೀಲಿನ ಗದ್ದಲದಲ್ಲಿ ತನ್ನದು ನುಡಿಯಿತೋ ಇಲ್ಲವೋ ಯಾರಿಗೆ ತಿಳಿಯುತ್ತದೆ? ಅದರಲ್ಲೂ ಹನುಮಕ್ಕನಿಗೆ ಮಷಿನ್ನಿನ ಸದ್ದಿನಿಂದ ಕಿವಿ ಮಂದ. ಎಷ್ಟು ಜಾಣತನ ನೋಡಿ ನನ್ನದು.

ಚಪ್ಪಾಳೆ ಚೆನ್ನಾಗಿಯೇ ಬಿತ್ತು. ಅಧ್ಯಕ್ಷರು ಶಾಲು ಹೊದಿಸಿದರು. ಮೇಷ್ಟ್ರು ಓಡಿ ಬಂದು, “ಇವತ್ತು ನನ್ನ ಕೈ ಎಷ್ಟು ಹಗುರ ಹೋತ್ರೀ ಟೀಚರ್, ಒಂದು ಅಪಸ್ವರ ಇಲ್ಲ!” ಎಂದು ನನ್ನ ಕೈ ಕುಲುಕಿದರು. ನಾನೂ ಕುಲುಕಿದೆ.

ಮಧ್ಯಾಹ್ನ ಬಸ್‌ಸ್ಟ್ಯಾಂಡಿನಲ್ಲಿ ಹನುಮಕ್ಕ, ಅವರ ಅಕ್ಕ, ನಾನು ಬಳ್ಳಾರಿ ಬಸ್ಸಿಗೆ ಕಾಯುತ್ತಿದ್ದೆವು. ಅಕ್ಕ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, “ಎಲ್ಲಾರದೂ ಚಂದಿತ್ತು. ನಿಂದು ಕೇಳಸಲೇ ಇಲ್ಲಲ್ಲೇ ಹನುಮಿ. ಸೀರಿ ಮಾತ್ರ ಎದ್ದು ಕಾಣತಿತ್ತು,” ಎಂದು ನಕ್ಕರು. ಅವರು ಬಾಳೆಹಣ್ಣು ಕೊಳ್ಳಲು ಅತ್ತ ಹೋದ ಮೇಲೆ ಹನುಮಕ್ಕ ನನ್ನ ಕಡೆ ತಿರುಗಿದರು.

“ಟೀಚರಮ್ಮಾ, ನನ್ನ ಕಮಾನಿಗೆ ಏನು ಹಚ್ಚಿದ್ರಿ?”

“ಏನೂ ಹಚ್ಚಿಲ್ಲಲ್ಲ ಹನುಮಕ್ಕ.”

“ಅದನ್ನ ಕೇಳಾಕತ್ತೀನಿ. ಯಾಕ ಹಚ್ಚಿಲ್ಲ?”

ನಾನು ಏನೇನೋ ಹೇಳಿದೆ. ಸೆಖೆ ಎಂದೆ, ಬೆವರು ಎಂದೆ. ಇಷ್ಟು ಗದ್ದಲದಲ್ಲಿ ನಿಮಗೆ ಕೇಳಿಸಿರಲಿಕ್ಕಿಲ್ಲ ಎಂದೂ ಎಂದುಬಿಟ್ಟೆ.

“ಕಿವಿ ಮಂದ ಐತ್ರಿ, ಮಷಿನ್ ತಿಂದೈತಿ. ಕೈ ಮಂದ ಆಗಿಲ್ಲ. ಸೂಜಿ ಬಟ್ಟಿ ಹಿಡೀತೋ ಜಾರಿತೋ ಕಣ್ಣು ಮುಚ್ಚಿ ಹೇಳ್ತೀನಿ. ಇವತ್ತು ಮೊದ್ಲಿಂದ ಕಡೀತನಕ ಜಾರಿತು. ನಮ್ಮಕ್ಕ ಮುಂದ ಕುಂತಾಳ, ನಾ ಎಳದು ಎಳದು ಸಾಯಾಕತ್ತೀನಿ, ನೀವು ನನ್ನ ಮುಖ ನೋಡಲಿಲ್ಲ. ಆವಾಗ ಗೊತ್ತಾತು ನಿಮಗ ಗೊತ್ತೈತಿ ಅಂತ.”

ಬಸ್ಸು ಬಂತು. ಅವರು ಹಿಂದಿನ ಸೀಟಿಗೆ ಹೋಗಿ ಕೂತರು. ಮರುವಾರ ಕ್ಲಾಸಿಗೆ ಬರಲಿಲ್ಲ, ಅದರ ಮರುವಾರವೂ.

ನನಗೆ ಸಿಟ್ಟು ಬಂತು. ಮೊದಲು ಅಧ್ಯಕ್ಷರ ಮೇಲೆ: ಕೇಳಲು ಕಿವಿಯಿಲ್ಲದ ಮೇಲೆ ಇಪ್ಪತ್ತು ಪಿಟೀಲು ಯಾಕೆ ಬೇಕಿತ್ತು ಈ ಮನುಷ್ಯನಿಗೆ? ನಾಲ್ಕು ಹಾರ್ಮೋನಿಯಂ ಬಾಡಿಗೆಗೆ ತರಬಹುದಿತ್ತು. ಆಮೇಲೆ ನನ್ನ ಮೇಲೆ. ಯಾಕೆಂದರೆ ಬೇರೆ ದಾರಿ ಇತ್ತು, ನನಗೆ ಗೊತ್ತೂ ಇತ್ತು. ನಮ್ಮ ಪಿಟೀಲಿನ ನಾಲ್ಕು ತಂತಿಗಳೂ ಷಡ್ಜ, ಪಂಚಮ, ಮತ್ತೆ ಷಡ್ಜ, ಮತ್ತೆ ಪಂಚಮ. ಬೆರಳು ಇಡದೆ ಬರೀ ತಂತಿ ಎಳೆದರೂ ಶ್ರುತಿಯೇ ಬರುತ್ತದೆ, ಅಪಸ್ವರಕ್ಕೆ ಜಾಗವೇ ಇಲ್ಲ. ಬೆರಳು ಕೂರದವರು ಉದ್ದಕ್ಕೆ ಶ್ರುತಿ ಹಿಡಿಯಬೇಕು, ನಡುವಿನವರು ಬಿಡಿ ಸ್ವರ, ಸಮೃದ್ಧಿಯಂಥವರು ಓಡುವ ಸ್ವರ. ಬೇರೆ ಬೇರೆ ಅಳತೆಯವರನ್ನು ಒಟ್ಟಿಗೆ ಕೂರಿಸುವ ಟೀಚರು ಮಾಡಬೇಕಾದ ಕೆಲಸವೇ ಅದು. ಒಬ್ಬೊಬ್ಬರಿಗೆ ಬೇರೆ ಪಾಠ ಬರೆಯಲು ಮೂರು ದಿನ ಬೇಕು. ಆ ಮೂರು ದಿನ ಉಳಿಸಿದೆ. ಎಲ್ಲರಿಗೂ ಒಂದೇ ಅಳತೆಯ ಪ್ಯಾಂಟು ಹೊಲಿದು, ಹಿಡಿಸದವರ ಕಾಲನ್ನು ದೂರಿದೆ.

ಹನುಮಕ್ಕನ ಮನೆಗೆ ಹೋದೆ. ಜೀನ್ಸ್ ಯೂನಿಟ್ಟುಗಳ ಸಂದಿಯಲ್ಲಿ ಎರಡು ಕೋಣೆಯ ಮನೆ. ಪ್ಯಾಂಟುಗಳ ಗುಡ್ಡೆ ಮುಂದಿಟ್ಟುಕೊಂಡು ಉಳಿಕೆ ದಾರ ಕತ್ತರಿಸುತ್ತಿದ್ದರು. ಕೂರಿ ಎಂದರು, ಚಹಾ ಕೊಟ್ಟರು, ಮತ್ತೆ ಕತ್ತರಿ ಹಿಡಿದರು.

“ತಪ್ಪಾತು ಹನುಮಕ್ಕ. ಇನ್ನ ಆರು ತಿಂಗಳು ನಿಮಗ ಬ್ಯಾರೆ ಪಾಠ ಹೇಳ್ತೀನಿ, ಫೀಸು ಬ್ಯಾಡ.”

ಕತ್ತರಿ ನಡೆಯುತ್ತಲೇ ಇತ್ತು.

“ಹೊಸಾ ಕಮಾನು ಕೊಡಸ್ತೀನಿ. ಮುಂದ ಸಿರುಗುಪ್ಪದಾಗ ಪ್ರೋಗ್ರಾಮ್ ಐತಲ್ರಿ, ಅದರಾಗ ನೀವೊಬ್ಬರ ಒಂದು ಸಾಲು ನುಡಿಸುವಂತ್ರಿ.”

“ಚೌಕಾಶಿ ಮಾಡಾಕ ಬಂದೀರೇನ್ರಿ?” ಎಂದರು, ತಲೆಯೆತ್ತದೆ. “ನನಗ ಏನೂ ಕೊಡಬ್ಯಾಡ್ರಿ. ಭಾನುವಾರ ಕ್ಲಾಸಿನಾಗ ಎಲ್ಲಾರ ಮುಂದ ಹೇಳ್ರಿ, ಹಿಂಗ ಮಾಡಿದೆ ಅಂತ. ನಮ್ಮಕ್ಕಗೂ ಫೋನ್ ಮಾಡಿ ಹೇಳ್ರಿ, ಹನುಮಿಗೆ ಬರದಂಗಲ್ಲ, ನಾನ ಆಕಿ ಬಾಯಿ ಕಟ್ಟಿದ್ದು ಅಂತ. ಆಮ್ಯಾಲ ಬರ್ತೀನಿ.”

“ಅಕ್ಕಾರಿಗೆ ಹೇಳ್ತೀನಿ. ಕ್ಲಾಸಿನಾಗ ಯಾಕ್ರಿ? ಮೂರೂರಾಗ ಹೆಸರು ಕೆಡತೈತಿ ನಂದು.”

“ನಂದು ಒಂದ ಊರಾಗ ಕೆಟ್ಟೈತಿ. ಖರೆ,” ಎಂದು ಇನ್ನೊಂದು ಪ್ಯಾಂಟು ಎತ್ತಿಕೊಂಡರು. ನಾನು ಎದ್ದು ಬಾಗಿಲ ತನಕ ಹೋದೆ, ಮೆಟ್ಟಿಲು ಇಳಿದೆ. ಅವರು ಕರೆಯಲಿಲ್ಲ.

ಅಕ್ಕನಿಗೆ ಆ ರಸ್ತೆಯಿಂದಲೇ ಫೋನು ಮಾಡಿದೆ. ಬೈಸಿಕೊಂಡೆ, ಅದನ್ನು ಬರೆಯುವುದಿಲ್ಲ. ಭಾನುವಾರ ಕ್ಲಾಸಿನಲ್ಲಿ ಹತ್ತೊಂಬತ್ತು ಮಂದಿ, ಹಿಂದೆ ಅಪ್ಪ ಅಮ್ಮಂದಿರು. ಹೇಳಿದೆ. ಸ್ಪಿರಿಟ್ಟು, ಹತ್ತಿ, ನಾಲ್ಕು ಹೆಸರು, ಎಲ್ಲ.

ಸಮೃದ್ಧಿಯ ತಾಯಿ, “ಅದರಾಗೇನೈತ್ರಿ ಮೇಡಂ, ಪ್ರೋಗ್ರಾಮ್ ಚಲೋ ಆತಲ್ಲ, ಒಳ್ಳೇದ ಮಾಡಿದ್ರಿ,” ಎಂದರು. ಉಗಿದಿದ್ದರೂ ಅಷ್ಟು ಅವಮಾನವಾಗುತ್ತಿರಲಿಲ್ಲ. ಮೇಷ್ಟ್ರು ಕಮಾನು ಕೆಳಗಿಟ್ಟರು. “ಇನ್ಸ್‌ಪೆಕ್ಟರ್ ಬರೋ ದಿನ ನಾನೂ ದಡ್ಡ ಹುಡುಗರಿಗೆ ರಜಾ ಕೊಡ್ತಿದ್ದೆ,” ಎಂದರು, “ನನಗ ನಿಮ್ಮ ಮ್ಯಾಲ ಸಿಟ್ಟೈತಿ ಮತ್ತ. ಹೋಗಿಲ್ಲ,” ಎಂದೂ ಸೇರಿಸಿದರು. ಆ ಆರು ವರ್ಷದ ಹುಡುಗಿ ಎದ್ದು ನಿಂತು, “ನನಗ ಅವತ್ತ ಗೊತ್ತಿತ್ತು ಟೀಚರ್, ನಂದು ನುಡೀಲಿಲ್ಲ ಅಂತ. ನಾನ ಏನೋ ತಪ್ಪು ಮಾಡೀನಿ, ನೀವು ಬೈತೀರಿ ಅಂತ ಹೇಳಲಿಲ್ಲ,” ಎಂದಳು.

ಮರುದಿನವೇ ಬಳ್ಳಾರಿಯ ಆ ಅಂಗಡಿಗೆ ಹೋಗಿ ನಾಲ್ಕು ಬಿಲ್ಲೆ ಕೊಂಡೆ.

ಬೇರೆ ಎರಡು ಮನೆಯವರು ಮಕ್ಕಳನ್ನು ಕ್ಲಾಸು ಬಿಡಿಸಿದರು. ಮರುಭಾನುವಾರ ಹನುಮಕ್ಕ ಬಂದರು. ಯಾರನ್ನೂ ಮಾತಾಡಿಸದೆ ಕುರ್ಚಿ ಎಳೆದುಕೊಂಡು ಕೂತು, ನಾನು ಕೊಟ್ಟ ಬಿಲ್ಲೆಯನ್ನು ತಿರುಗಿಸಿ ನೋಡಿ, ತಾವೇ ಉಜ್ಜಿ, ಒಬ್ಬರೇ ಒಂದು ಉದ್ದನೆಯ ಷಡ್ಜ ಎಳೆದರು. ಸಾರಿನ ವಾಸನೆಯ ಆ ಹಾಲು ತುಂಬುವಷ್ಟು. ಆಮೇಲೆ ಪಕ್ಕದ ಸಮೃದ್ಧಿಗೆ, “ನಿಂದು?” ಎಂದರು. ಅವಳು ಎಳೆದಳು. “ನಿಮ್ದು ಮೇಷ್ಟ್ರೆ?” ಹೀಗೆ ಒಬ್ಬೊಬ್ಬರನ್ನೂ ಕೇಳಿ ಮುಗಿಸುವಷ್ಟರಲ್ಲಿ ಕಾಲು ಗಂಟೆ ಹೋಯಿತು. ಪಾಠ ತಡವಾಗುತ್ತದೆಂದು ಹೇಳುವ ಬಾಯಿ ನನಗಿರಲಿಲ್ಲ. ಈಗ ಪ್ರತಿ ಭಾನುವಾರ ಇದೇ ಪದ್ಧತಿ.

ಆದ್ದರಿಂದ ನಿಮಗೊಂದು ಮಾತು. ನಿಮ್ಮ ಮಗುವನ್ನೋ ತಾಯಿಯನ್ನೋ ಇಂಥ ಮೇಳದ ಕ್ಲಾಸಿಗೆ ಸೇರಿಸುವುದಾದರೆ ಫೀಸು ವಿಚಾರಿಸುವ ಮೊದಲು, ಎಲ್ಲರಿಗಿಂತ ಹಿಂದುಳಿದವರಿಗೆ ಈ ಟೀಚರು ಯಾವ ಪಾಠ ಕೊಟ್ಟಿದ್ದಾರೆಂದು ಕೇಳಿ. ‘ಎಲ್ಲರಿಗೂ ಒಂದೇ’ ಎಂದರೆ ಎದ್ದು ಬನ್ನಿ. ಕಾರ್ಯಕ್ರಮದ ದಿನ ಫೋಟೋ ಆಮೇಲೆ ತೆಗೆದರಾಯಿತು, ಮೊದಲು ವೇದಿಕೆಯ ಹಿಂದೆ ಹೋಗಿ ನಿಮ್ಮವರಿಂದ ಒಂದು ಕಮಾನು ಎಳೆಸಿ, ನೀವೇ ನಿಂತು ಕೇಳಿ. ನುಡಿಯದಿದ್ದರೆ ನಿಮ್ಮವರನ್ನು ಬೈಯಬೇಡಿ. ನೆಟ್ಟಗೆ ಟೀಚರ ಹತ್ತಿರ ಹೋಗಿ, ಎಲ್ಲರ ಮುಂದೆ, ಜೋರಾಗಿ ಕೇಳಿ. ಟೀಚರು ನಾನೇ ಆಗಿದ್ದರೂ ಬಿಡಬೇಡಿ.